ಹಿಟ್ಟಿನ ಕೋಳಿಯೂ ಸೆಕೆಂಡು ಎಣಿಸುವ ಬಾವಲಿಯೂ

ರಕ್ತ ಹೀರುವ ಪಿಶಾಚಿಯೊಬ್ಬಳು ನಾಯಕಿ. ಆಕೆಯ ಜೊತೆಗೆ ಪುರುಷರನ್ನು ಮೋಹಗೊಳಿಸುವ ಮೋಹಿನಿಯೊಬ್ಬಳು, ಮಾಟಗಾತಿ ಬಾಲೆಯೊಬ್ಬಳು, ಹಿಮದ ಹೆಣ್ಣೊಬ್ಬಳು. ಇವರೆಲ್ಲರ ನಡುವೆ ಯಾವ ವಿಶೇಷ ಶಕ್ತಿಯೂ ಇಲ್ಲದ ಒಬ್ಬ ಶಾಲಾ ಬಾಲಕ. ಇಷ್ಟನ್ನು ಕೇಳಿದ ಮಾತ್ರಕ್ಕೆ ಮನೆಯ ಹಿರಿಯರು ಪುಸ್ತಕವನ್ನು ಮುಚ್ಚಿ ದೂರವಿಡುವುದು ಸ್ವಾಭಾವಿಕ. ಅದೇ ಮನೆಯ ಕಿರಿಯರು, ಇದೊಂದು ವಿನೋದ, ಇದರಿಂದ ಯಾರಿಗೇನು ನಷ್ಟವೆಂದು ಕೇಳುವುದೂ ಅಷ್ಟೇ ಸ್ವಾಭಾವಿಕ. ಜಪಾನಿನ ‘ರೊಸಾರಿಯೊ ಪ್ಲಸ್ ವ್ಯಾಂಪೈರ್’ ಎಂಬ ಚಿತ್ರಕಥಾ ಸರಣಿಯ ವಿಷಯದಲ್ಲಿ ಈ ಎರಡು ಪಕ್ಷಗಳೂ ತಪ್ಪಿವೆ. ಹಿರಿಯರು ದೋಷವಿಲ್ಲದೆಡೆಯಲ್ಲಿ ದೋಷವನ್ನು ಹುಡುಕುತ್ತಾರೆ. ಕಿರಿಯರು ದೋಷವಿರುವೆಡೆಯಲ್ಲಿ ಕಣ್ಣು ಮುಚ್ಚುತ್ತಾರೆ. ಅಪರಾಧವು ನಡೆದದ್ದು ಪಿಶಾಚಿಯ ಹಲ್ಲಿನಲ್ಲಿ ಅಲ್ಲ, ಆ ಕಥೆಯನ್ನು ಚಲಚ್ಚಿತ್ರವಾಗಿ ಮಾರಿದವರ ಕೈಯಲ್ಲಿ.

ಅಕಿಹಿಸಾ ಇಕೆದಾ ಎಂಬ ಚಿತ್ರಕಾರನು ಈ ಕಥೆಯನ್ನು ೨೦೦೪ರಲ್ಲಿ ಶುಯೇಶಾ ಪ್ರಕಾಶನ ಸಂಸ್ಥೆಯ ‘ಮಂತ್ಲಿ ಶೋನೆನ್ ಜಂಪ್’ ಮಾಸಪತ್ರಿಕೆಯಲ್ಲಿ ಆರಂಭಿಸಿದನು. ‘ಶೋನೆನ್’ ಎಂದರೆ ಬಾಲಕ. ಪತ್ರಿಕೆಯು ಯಾರಿಗಾಗಿ ಎಂಬುದು ಅದರ ಹೆಸರಿನಲ್ಲಿಯೇ ಇದೆ. ೨೦೦೭ರಲ್ಲಿ ಆ ಮಾಸಪತ್ರಿಕೆಯು ನಿಂತುಹೋದಾಗ ಕಥೆಯ ಮೊದಲ ಭಾಗವು ಹತ್ತು ಸಂಪುಟಗಳಿಗೆ ಮುಗಿಯಿತು. ಅದೇ ವರ್ಷ ಅದೇ ಸಂಸ್ಥೆ ಹೊರಡಿಸಿದ ‘ಜಂಪ್ ಸ್ಕ್ವೇರ್’ ಪತ್ರಿಕೆಯಲ್ಲಿ ಎರಡನೆಯ ಭಾಗವು ಮೊದಲಾಗಿ, ೨೦೧೪ರಲ್ಲಿ ಹದಿನಾಲ್ಕು ಸಂಪುಟಗಳೊಡನೆ ಸಮಾಪ್ತವಾಯಿತು. ಈ ನಡುವೆ ೨೦೦೮ರಲ್ಲಿ ಗೊಂಜೊ ಎಂಬ ಸಂಸ್ಥೆಯು ಇದನ್ನು ದೂರದರ್ಶನದ ಆನಿಮೇಷನ್ ಸರಣಿಯಾಗಿ ಮಾಡಿತು. ಜನವರಿಯಿಂದ ಮಾರ್ಚ್‌ವರೆಗೆ ಹದಿಮೂರು ಕಂತುಗಳು. ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮತ್ತೆ ಹದಿಮೂರು ಕಂತುಗಳು. ಜಪಾನಿನ ಹೊರಗೆ ಈ ಕಥೆಯ ಹೆಸರನ್ನು ಬಲ್ಲವರಲ್ಲಿ ಬಹುಮಂದಿ ಬಲ್ಲದ್ದು ಈ ಇಪ್ಪತ್ತಾರು ಕಂತುಗಳನ್ನೇ. ಇಕೆದಾನ ಇಪ್ಪತ್ತನಾಲ್ಕು ಸಂಪುಟಗಳನ್ನು ಓದಿದವರು ಕಡಿಮೆ. ಆದುದರಿಂದಲೇ ಈ ಜಿಜ್ಞಾಸೆ ಅವಶ್ಯವಾಗಿದೆ.

ಕಥೆಯ ಬೀಜವನ್ನು ಮೊದಲು ನೋಡಬೇಕು. ತ್ಸುಕುನೆ ಎಂಬ ಬಾಲಕನು ಪ್ರೌಢಶಾಲೆಯ ಪ್ರವೇಶಪರೀಕ್ಷೆಗಳಲ್ಲೆಲ್ಲ ಅನುತ್ತೀರ್ಣನಾಗಿ, ತನ್ನನ್ನು ಸೇರಿಸಿಕೊಂಡ ಏಕೈಕ ಶಾಲೆಗೆ ಹೋಗುತ್ತಾನೆ. ಅದು ಯೋಕಾಯ್‌ಗಳ ಶಾಲೆ. ಜಪಾನಿನ ಜನಪದದ ಭೂತ ಬೆಂತರಗಳೆಲ್ಲ ಮನುಷ್ಯರೂಪವನ್ನು ಧರಿಸಿ, ಮನುಷ್ಯರ ನಡುವೆ ಬಾಳುವುದನ್ನು ಕಲಿಯುವ ಸ್ಥಳ. ಸಹಜೀವನವೇ ಆ ಶಾಲೆಯ ಘೋಷಿತ ಧ್ಯೇಯ. ಆದರೆ ಮನುಷ್ಯನೊಬ್ಬನು ಒಳಗೆ ಕಾಲಿಟ್ಟದ್ದು ತಿಳಿದರೆ ಅವನಿಗೆ ಮರಣವೇ ಶಿಕ್ಷೆ! ಸಹಬಾಳ್ವೆಯನ್ನು ಬೋಧಿಸುತ್ತಲೇ ಸಹಬಾಳ್ವೆಗೆ ಬಂದವನನ್ನು ಕೊಲ್ಲುವ ಸಂಸ್ಥೆ! ಇಂತಹ ಸಂಸ್ಥೆಗಳು ಕೇವಲ ಕಲ್ಪನೆಯಲ್ಲಿ ಮಾತ್ರ ಇವೆಯೆಂದು ಯಾರೂ ಹೇಳಲಾರರು. ಇಕೆದಾನು ಈ ವಿರೋಧವನ್ನು ನಗುನಗುತ್ತಲೇ ಇಟ್ಟಿದ್ದಾನೆ. ಆದರೂ ಅದು ಓದುಗನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯುತ್ತದೆ.

ಶಾಲೆಯಲ್ಲಿ ಅವನಿಗೆ ಮೊದಲು ಸ್ನೇಹಿತೆಯಾಗುವವಳು ಮೋಕಾ. ಆಕೆ ರಕ್ತಪಿಶಾಚಿ. ಮೊದಲು ಮನುಷ್ಯರ ಶಾಲೆಯಲ್ಲಿ ಓದಿ, ಅಲ್ಲಿ ಒಂಟಿಯಾಗಿ ನೊಂದು, ಮನುಷ್ಯರೆಂದರೆ ದ್ವೇಷ ತಾಳಿದವಳು. ಆಕೆಯ ಕೊರಳಲ್ಲಿ ಶಿಲುಬೆಯಿರುವ ಒಂದು ಮಾಲೆಯಿದೆ. ಕಥೆಯ ಶೀರ್ಷಿಕೆಯ ರೊಸಾರಿಯೊ ಎಂಬುದು ಅದೇ. ಅದು ಕೊರಳಲ್ಲಿರುವವರೆಗೆ ಆಕೆ ಸೌಮ್ಯೆ. ಅದು ಕಳಚಿದೊಡನೆ ಕೂದಲು ಬೆಳ್ಳಿಯಾಗಿ, ಕಣ್ಣು ಕೆಂಪಾಗಿ, ಭಯಂಕರ ಬಲದ ಇನ್ನೊಬ್ಬ ಮೋಕಾ ಎಚ್ಚರಗೊಳ್ಳುತ್ತಾಳೆ. ಮಾಲೆಯನ್ನು ಕಳಚಬಲ್ಲವನು ತ್ಸುಕುನೆ ಒಬ್ಬನೇ.

ಈ ಮಾಲೆಯು ಕಥೆಯ ಹೃದಯ. ಬಲವಿರುವವನ ಬಲವನ್ನು ಹೊರಗಿನ ವಸ್ತುವೊಂದು ಕಟ್ಟಿಹಾಕಿದರೆ ಅದು ಬಂಧನವೋ ಸಂಯಮವೋ ಎಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ಸೆರೆಮನೆಯಲ್ಲಿರುವ ಕಳ್ಳನು ಕದಿಯುವುದಿಲ್ಲ. ಆದರೆ ಅವನನ್ನು ಅಚೌರ್ಯವ್ರತಿಯೆಂದು ಯಾರೂ ಕರೆಯರು. ಸೌಮ್ಯ ಮೋಕಾಳ ಸೌಮ್ಯತೆ ಅವಳದ್ದೇ ಅಥವಾ ಮಾಲೆಯದ್ದೇ? ಒಳಗಿನವಳು ದುಷ್ಟೆಯೇ ಅಥವಾ ಬರಿದೇ ಬಲಿಷ್ಠೆಯೇ? ಎರಡನೆಯ ಭಾಗದಲ್ಲಿ, ಸಂಪುಟಗಳ ಮೇಲೆ ಸಂಪುಟಗಳು ಕಳೆದ ಬಳಿಕ, ಸೌಮ್ಯ ಮೋಕಾ ಎಂಬ ವ್ಯಕ್ತಿತ್ವವೇ ಆ ಮಾಲೆಯಿಂದ, ಆಕೆಯ ತಾಯಿ ಅಕಾಶಾಳ ಪ್ರತಿರೂಪವಾಗಿ, ನಿರ್ಮಿತವಾದುದೆಂದು ತಿಳಿದುಬರುತ್ತದೆ. ಮಗಳ ಕೊರಳಲ್ಲಿ ತಾಯಿಯ ಸೌಮ್ಯತೆಯು ಕಾವಲಿದ್ದಿತು. ಬಾಲಕರ ಪತ್ರಿಕೆಯೊಂದರಲ್ಲಿ ಇಷ್ಟು ಗಂಭೀರವಾದ ಕಲ್ಪನೆ ಸುಲಭವಾಗಿ ಸಿಗುವಂಥದ್ದಲ್ಲ.

ಇನ್ನೊಂದು ಪ್ರಸಂಗವು ಆರಂಭದಲ್ಲಿಯೇ ಬರುತ್ತದೆ. ಕುರುಮು ಎಂಬ ಮೋಹಿನಿಯು ಶಾಲೆಯ ಬಾಲಕರನ್ನೆಲ್ಲ ವಶೀಕರಿಸಿ ದಾಸರನ್ನಾಗಿ ಮಾಡಿಕೊಳ್ಳಬಯಸುತ್ತಾಳೆ. ಅದಕ್ಕೆ ಅಡ್ಡಬಂದ ಮೋಕಾಳ ಮೇಲೆ ಎರಗುತ್ತಾಳೆ. ಮಾಲೆ ಕಳಚುತ್ತದೆ, ಕುರುಮು ಸೋಲುತ್ತಾಳೆ. ಗೆದ್ದ ಮೋಕಾ ಸೋತವಳ ರೆಕ್ಕೆ ಬಾಲಗಳನ್ನು ಕಿತ್ತುಹಾಕಲು ಮುಂದಾದಾಗ ತ್ಸುಕುನೆ ನಡುವೆ ಬಂದು ನಿಲ್ಲುತ್ತಾನೆ. ಅವನಲ್ಲಿ ಬಲವಿಲ್ಲ, ಆಯುಧವಿಲ್ಲ, ತನ್ನನ್ನು ರಕ್ಷಿಸಿದವಳೇ ಎದುರಿಗಿದ್ದಾಳೆ. ಆದರೂ ಶತ್ರುವಿಗಾಗಿ ಬೇಡುತ್ತಾನೆ. ಆ ಕ್ಷಣದಿಂದ ಕುರುಮು ಅವರ ಶತ್ರುವಲ್ಲ. ಅಭಯದಾನವೆಂಬುದನ್ನು ಇದಕ್ಕಿಂತ ಸರಳವಾಗಿ ಹದಿಮೂರು ವರ್ಷದ ಬಾಲಕನಿಗೆ ತೋರಿಸುವುದು ಕಷ್ಟ. ಪುಸ್ತಕವನ್ನು ಹೊದಿಕೆಯಿಂದಲೇ ತಿರಸ್ಕರಿಸಿದ ಹಿರಿಯರು ಇದನ್ನು ಅರಿಯರು.

ಮಾಟಗಾತಿ ರೂಬಿಯ ಕಥೆಯೂ ಅಂಥದ್ದೇ. ಮನುಷ್ಯರ ವಾಹನದಿಂದ ತಂದೆತಾಯಿಯರನ್ನು ಕಳೆದುಕೊಂಡವಳು. ತಾನು ಬೆಳೆದ ಸೂರ್ಯಕಾಂತಿಯ ಬೆಟ್ಟದಲ್ಲಿ ಮನುಷ್ಯರು ಕಸ ಹೂಳುವ ನೆಲೆಯನ್ನು ಮಾಡಹೊರಟಾಗ ಸೇಡಿಗೆ ನಿಂತವಳು. ಆಕೆಯ ಕೋಪದಲ್ಲಿ ನ್ಯಾಯವಿದೆ, ಸೇಡಿನಲ್ಲಿ ಇಲ್ಲ. ಈ ಎರಡನ್ನೂ ಬೇರೆಬೇರೆಯಾಗಿ ಹಿಡಿದು ತೋರಿಸುವ ಸಹನೆ ಇಕೆದಾನಿಗೆ ಇದೆ.

ರಕ್ತದ ಮಾತಿಗೆ ಬರೋಣ, ಏಕೆಂದರೆ ಹಿರಿಯರ ಅಸಹ್ಯವೆಲ್ಲ ಅಲ್ಲಿಯೇ. ಮೋಕಾ ಪದೇ ಪದೇ ತ್ಸುಕುನೆಯ ಕೊರಳನ್ನು ಕಚ್ಚಿ ರಕ್ತ ಹೀರುವುದನ್ನು ಕಥೆಯು ಪ್ರೇಮದ ವಿನೋದವಾಗಿ ಚಿತ್ರಿಸುತ್ತದೆ. ಇದು ಖಂಡಿತವಾಗಿ ಅರುಚಿಕರ. ಆದರೆ ಅದೇ ಕಥೆಯು ಮುಂದೆ ಆ ವಿನೋದದ ಲೆಕ್ಕವನ್ನು ಚುಕ್ತಾ ಮಾಡುತ್ತದೆ. ಸಾವಿನ ಅಂಚಿನಲ್ಲಿದ್ದ ಬಾಲಕನನ್ನು ಉಳಿಸಲು ಮೋಕಾ ತನ್ನ ರಕ್ತವನ್ನೇ ಅವನಿಗೆ ಕೊಡುತ್ತಾಳೆ. ಅವನು ಬದುಕುತ್ತಾನೆ, ಬಲಿಷ್ಠನಾಗುತ್ತಾನೆ. ಮತ್ತೆ ಅಪಾಯ, ಮತ್ತೆ ರಕ್ತ. ಕಡೆಗೆ ಆ ಪರಕೀಯ ಬಲವೇ ಅವನ ದೇಹವನ್ನು ನುಂಗಿ, ಅವನು ವಿವೇಕವಿಲ್ಲದೆ ಕೊಲ್ಲುವ ಜೀವಿಯಾಗಿಬಿಡುತ್ತಾನೆ. ತಾನು ಉಳಿಸಿದವನನ್ನು ತಾನೇ ಕೊಲ್ಲಬೇಕಾದ ಸ್ಥಿತಿ ಮೋಕಾಳಿಗೆ ಒದಗುತ್ತದೆ. ಶಾಲೆಯ ಮುಖ್ಯಸ್ಥನು ಕೊಟ್ಟ ಒಂದು ಬೀಗದ ಸರಪಳಿಯಿಂದ ಅವನ ಪ್ರಾಣ ಉಳಿಯುತ್ತದೆ. ಅಂದರೆ ಅವನಿಗೂ ಒಂದು ಮಾಲೆ ಬೀಳುತ್ತದೆ. ಗೆಲುವಿಗಾಗಿ ಪಡೆದ ಬಲಕ್ಕೆ ಬೆಲೆಯಿದೆ, ಆ ಬೆಲೆಯನ್ನು ಪಡೆದವನೇ ತೆರುತ್ತಾನೆ ಎಂಬುದನ್ನು ಮರೆಮಾಚದೆ ಹೇಳಿದ ಪುಟಗಳಿವು.

ಈಗ ೨೦೦೮ರ ಚಲಚ್ಚಿತ್ರ ಸರಣಿಯನ್ನು ನೋಡಿದರೆ ಈ ಪುಟಗಳು ಅದರಲ್ಲಿ ಇಲ್ಲವೇ ಇಲ್ಲ. ತ್ಸುಕುನೆ ವಿವೇಕವನ್ನು ಕಳೆದುಕೊಳ್ಳುವ ಭಾಗವನ್ನು ಸಂಪೂರ್ಣವಾಗಿ ಬಿಡಲಾಗಿದೆ. ರಕ್ತ ಹೀರುವ ವಿನೋದವನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ಅದರ ಬೆಲೆಯನ್ನು ತೆಗೆದುಹಾಕಲಾಗಿದೆ. ಕುರುಮುವನ್ನು ರಕ್ಷಿಸುವ ಪ್ರಸಂಗವೇನೋ ಉಂಟು. ಆದರೆ ಅದರ ಹಿಂದೆ ಮುಂದೆ ಕ್ಯಾಮರಾ ಏನನ್ನು ಅರಸುತ್ತ ಹೋಗುತ್ತದೆಂದರೆ, ಕರುಣೆಯ ಆ ಗಳಿಗೆಯು ಮಾರುಕಟ್ಟೆಯ ಗದ್ದಲದಲ್ಲಿ ಹೇಳಿದ ಮಂತ್ರದಂತೆ ಯಾರಿಗೂ ಕೇಳಿಸದು. ಶಾಲಾ ಬಾಲಿಕೆಯರ ಒಳ ಉಡುಪನ್ನು ತೋರಿಸುವುದಕ್ಕೆ ಗಾಳಿಯೂ ಮೆಟ್ಟಿಲೂ ಕಾಳಗವೂ ಸಮಾನವಾಗಿ ನೆಪವಾಗುತ್ತವೆ. ಅವರಲ್ಲಿ ಯುಕಾರಿಗೆ ಹನ್ನೊಂದು ವರ್ಷ. ಆಕೆ ಬುದ್ಧಿವಂತೆಯಾದುದರಿಂದ ತರಗತಿಗಳನ್ನು ದಾಟಿ ಬಂದವಳು. ಸಹಪಾಠಿಗಳ ಹಂಗಣೆಯಿಂದ ಒಂಟಿಯಾಗಿ ನೊಂದ ಮಗು. ಆ ಮಗುವನ್ನೂ ಈ ಬಗೆಯ ಹಾಸ್ಯದಿಂದ ಹೊರಗಿಟ್ಟಿಲ್ಲ. ಇದನ್ನು ಸಮರ್ಥಿಸಬಲ್ಲ ವಾದ ಯಾವುದೂ ಇಲ್ಲ. ಸಮರ್ಥಿಸಲು ಯತ್ನಿಸುವವರು ತಮ್ಮ ಮನೆಯ ಹನ್ನೊಂದು ವರ್ಷದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಯತ್ನಿಸಲಿ.

ಇದಕ್ಕಿಂತಲೂ ಸೂಕ್ಷ್ಮವಾದ ಕೇಡು ಇನ್ನೊಂದಿದೆ. ಚಲಚ್ಚಿತ್ರದಲ್ಲಿ ಒಂದು ಪುಟ್ಟ ಬಾವಲಿ ಹಾರಾಡುತ್ತಿರುತ್ತದೆ. ಮಾಲೆ ಕಳಚಿ, ಬೆಳ್ಳಿಗೂದಲ ಮೋಕಾ ಎಚ್ಚರಗೊಂಡು, ಎದುರಾಳಿಗೆ ಅವನ ಯೋಗ್ಯತೆಯನ್ನು ನೆನಪಿಸಿ ಒದ್ದು ಕೆಡವಿದ ಮೇಲೆ, ಆ ಬಾವಲಿಯು ಕಾಳಗಕ್ಕೆ ಎಷ್ಟು ಸೆಕೆಂಡುಗಳು ಹಿಡಿದವೆಂದು ಲೆಕ್ಕ ಹೇಳುತ್ತದೆ. ಕಡಿಮೆ ಸೆಕೆಂಡಾದಷ್ಟೂ ನಗು ಹೆಚ್ಚು. ಮುಂದಿನ ವಾರ ಮತ್ತೊಬ್ಬ ಎದುರಾಳಿ, ಮತ್ತೊಂದು ಒದೆ, ಮತ್ತೊಂದು ಲೆಕ್ಕ. ಬಿದ್ದವನು ಎಲ್ಲಿಗೆ ಹೋದನು, ಅವನಿಗೇನಾಯಿತು ಎಂಬುದು ಯಾರಿಗೂ ಬೇಡ. ಇಕೆದಾನ ಪುಟದಲ್ಲಿ ಸೋತವಳ ಮುಂದೆ ನಿಂತು ಒಬ್ಬನು ಬೇಡಿಕೊಂಡನು. ಗೊಂಜೊ ಸಂಸ್ಥೆಯವರ ತೆರೆಯ ಮೇಲೆ ಬಾವಲಿಯು ಗಡಿಯಾರ ಹಿಡಿದು ನಿಂತಿತು.

‘ಬರೆದ ಚಿತ್ರಕ್ಕೆ ನೋವಿಲ್ಲ; ಶಾಯಿಗೆ ಒದ್ದರೆ ಶಾಯಿಗೇನು?’ ಎಂಬುದು ಸಮರ್ಥಕರ ಮೊದಲ ವಾದ. ಕನ್ನಡದ ಜೈನ ಮನೆತನಗಳಲ್ಲಿ ಈ ವಾದಕ್ಕೆ ಉತ್ತರವು ಹದಿಮೂರನೆಯ ಶತಮಾನದಿಂದಲೂ ಇದೆ. ಜನ್ನನ ಯಶೋಧರ ಚರಿತೆಯಲ್ಲಿ ಅರಸನು ಜೀವಂತ ಪ್ರಾಣಿಯ ಬಲಿಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಹಿಟ್ಟಿಗೆ ಪ್ರಾಣವಿಲ್ಲ. ಬಣ್ಣ ಬಳಿದ ಆ ಕೋಳಿಯನ್ನು ಬೆಂತರವೊಂದು ಹೊಕ್ಕು, ಕತ್ತಿ ಬಿದ್ದಾಗ ಅದು ಕೂಗಿತು. ತಾಯಿ ಮಗ ಇಬ್ಬರೂ ಆ ಒಂದು ಏಟಿಗಾಗಿ ಜನ್ಮಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಬೇಯುತ್ತಾರೆ. ಸಂಕಲ್ಪಹಿಂಸೆಯೆಂದರೆ ಇದು. ಏಟು ಬಿದ್ದ ವಸ್ತು ಯಾವುದೆಂದು ಕೇಳುವುದಕ್ಕೆ ಮೊದಲು ಏಟು ಎತ್ತಿದ ಮನಸ್ಸು ಎಂಥದ್ದೆಂದು ಈ ಕಥೆ ಕೇಳುತ್ತದೆ.

ಆದರೆ ಈ ದೃಷ್ಟಾಂತವನ್ನು ಅವಸರದಿಂದ ಬೀಸುವ ಹಿರಿಯರೂ ಎಚ್ಚರದಿಂದಿರಬೇಕು. ಹಿಟ್ಟಿನ ಕೋಳಿಯ ಕಥೆಯು ಕೋಳಿಯ ಆಕಾರ ಮಾಡುವುದೇ ಪಾಪವೆಂದು ಹೇಳಲಿಲ್ಲ. ಹಾಗೆಂದಿದ್ದರೆ ಜನ್ನನು ಆ ಕತ್ತಿಯೇಟನ್ನು ವರ್ಣಿಸುವಂತೆಯೇ ಇರಲಿಲ್ಲ. ಅವನ ಕಾವ್ಯದಲ್ಲಿ ಕಾಮವೂ ಕ್ರೌರ್ಯವೂ ಯಥೇಚ್ಛವಾಗಿವೆ. ಹಿಂಸೆಯನ್ನು ಚಿತ್ರಿಸುವುದು ಬೇರೆ, ಹಿಂಸೆಗೆ ಅನುಮೋದನೆ ಕೇಳುವುದು ಬೇರೆ. ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯನ್ನು ಬೇರ್ಪಡಿಸಿದ ಪರಂಪರೆಗೆ ಈ ಭೇದವು ಹೊಸದಲ್ಲ. ಕುರುಮುವಿನ ಪ್ರಸಂಗದಲ್ಲಿ ಓದುಗನು ತ್ಸುಕುನೆಯ ಪಕ್ಷದಲ್ಲಿ ನಿಂತು ಕೈ ಮುಗಿಯುತ್ತಾನೆ. ಬಾವಲಿಯ ಲೆಕ್ಕದಲ್ಲಿ ನೋಡುಗನು ನಗುವುದರ ಮೂಲಕ ಸಹಿ ಹಾಕುತ್ತಾನೆ. ಮೊದಲನೆಯದೂ ಪಿಶಾಚಿಯ ಕಥೆಯೇ, ಎರಡನೆಯದೂ ಪಿಶಾಚಿಯ ಕಥೆಯೇ.

ಎರಡನೆಯ ವಾದವು ವ್ಯಾಪಾರದ್ದು: ನಡುರಾತ್ರಿಯ ಪ್ರಸಾರಕ್ಕಾಗಿ ಮಾಡಿದ ಸರಣಿಯದು, ಮಕ್ಕಳಿಗಲ್ಲ, ಹಣ ಹಾಕಿದವರಿಗೆ ಮುದ್ರಿತ ಡಿಸ್ಕುಗಳು ಮಾರಾಟವಾಗಬೇಕಿತ್ತು. ಮಕ್ಕಳ ಪತ್ರಿಕೆಯಲ್ಲಿ ಹುಟ್ಟಿದ ಕಥೆಯನ್ನು ನಡುರಾತ್ರಿಗೆ ಎಳೆದೊಯ್ದವರು, ಅದು ಮಕ್ಕಳಿಗಲ್ಲವೆಂದು ಹೇಳುವುದರಲ್ಲಿ ಯಾವ ಪ್ರಾಮಾಣಿಕತೆಯಿದೆ? ಅದೇ ೨೦೦೮ರಲ್ಲಿ ಇದೇ ಹೆಸರಿನಲ್ಲಿ ನಿಂಟೆಂಡೊ ಕಂಪನಿಯ ಕೈಯಾಟಿಕೆ ಯಂತ್ರಕ್ಕೂ ಆಟವೊಂದು ಹೊರಬಂದಿತು. ಆ ಯಂತ್ರವು ಯಾರ ಕೈಯಲ್ಲಿರುತ್ತಿತ್ತೆಂಬುದು ಎಲ್ಲರೂ ಬಲ್ಲ ಸಂಗತಿ. ಇನ್ನು ವ್ಯಾಪಾರದ ಫಲವಾದರೂ ಏನು? ಗೊಂಜೊ ಸಂಸ್ಥೆಯ ಒಡೆತನದ ಕಂಪನಿಯು ನಷ್ಟದಲ್ಲಿ ಮುಳುಗಿ ೨೦೦೯ರಲ್ಲಿ ಟೋಕಿಯೋ ಷೇರುಪೇಟೆಯ ಪಟ್ಟಿಯಿಂದಲೇ ಹೊರಬಿದ್ದಿತು. ಆ ನಷ್ಟಕ್ಕೆ ಈ ಒಂದು ಸರಣಿಯು ಕಾರಣವೆಂದರೆ ಅನ್ಯಾಯವಾದೀತು. ಆದರೆ ಹೀಗೆ ಮಾಡದಿದ್ದರೆ ವ್ಯಾಪಾರ ನಡೆಯದು ಎನ್ನುವವರಿಗೆ, ಹೀಗೆ ಮಾಡಿಯೂ ನಡೆಯಲಿಲ್ಲವೆಂದು ತೋರಿಸಲು ಇಷ್ಟು ಸಾಕು.

ಕಾನೂನಿನಿಂದ ಇದು ತೀರುವ ಮಾತೇ? ೨೦೧೦ರ ಡಿಸೆಂಬರಿನಲ್ಲಿ ಟೋಕಿಯೋ ಮಹಾನಗರ ಶಾಸನಸಭೆಯು, ರಾಜ್ಯಪಾಲ ಶಿಂತಾರೋ ಇಶಿಹಾರಾ ಅವರ ಆಡಳಿತವು ತಂದ ತಿದ್ದುಪಡಿಯನ್ನು ಅಂಗೀಕರಿಸಿ, ಕೆಲವು ಬಗೆಯ ಲೈಂಗಿಕ ಚಿತ್ರಣವಿರುವ ಚಿತ್ರಕಥೆಗಳನ್ನು ಕಿರಿಯರಿಗೆ ಮಾರದಂತೆ ನಿರ್ಬಂಧವನ್ನು ಬಿಗಿಗೊಳಿಸಿತು. ಶುಯೇಶಾ ಸೇರಿದಂತೆ ದೊಡ್ಡ ಪ್ರಕಾಶಕರು ಪ್ರತಿಭಟಿಸಿ, ೨೦೧೧ರ ಟೋಕಿಯೋ ಆನಿಮೆ ಮೇಳವನ್ನು ಬಹಿಷ್ಕರಿಸುವುದಾಗಿ ಸಾರಿದರು. ಆ ವರ್ಷದ ಮಾರ್ಚ್ ತಿಂಗಳ ಮಹಾಭೂಕಂಪದಿಂದ ಮೇಳವೇ ರದ್ದಾಯಿತು. ೨೦೧೪ರಲ್ಲಿ ಜಪಾನಿನ ಸಂಸತ್ತು ಮಕ್ಕಳ ಅಶ್ಲೀಲ ಛಾಯಾಚಿತ್ರಗಳನ್ನು ಇಟ್ಟುಕೊಳ್ಳುವುದನ್ನೂ ಅಪರಾಧವೆಂದು ಸಾರಿದಾಗ, ಚಿತ್ರಕಥೆ ಮತ್ತು ಆನಿಮೇಷನ್‌ಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡಲಾಯಿತು. ಪ್ರಕಾಶಕರ ಭಯವು ಪೂರ್ತಿ ಹುಸಿಯಲ್ಲ. ಯಾವುದು ಅಶ್ಲೀಲವೆಂದು ನಿರ್ಧರಿಸುವ ಅಧಿಕಾರವನ್ನು ಅಧಿಕಾರಿಯ ಕೈಗೆ ಕೊಟ್ಟರೆ, ಅವನು ಬಾವಲಿಯನ್ನು ಬಿಟ್ಟು ಕುರುಮುವನ್ನೇ ಮೊದಲು ಹಿಡಿದಾನು. ಏಕೆಂದರೆ ಅವನೂ ಹೊದಿಕೆಯನ್ನಷ್ಟೇ ನೋಡುವವನು. ಹಾಗೆಂದು ಕಾನೂನು ಬಿಟ್ಟುಕೊಟ್ಟ ಎಡೆಯೆಲ್ಲವೂ ಧರ್ಮಸಮ್ಮತವೆಂದು ತಿಳಿದ ಚಿತ್ರೋದ್ಯಮಿಯು ಕಾನೂನನ್ನೂ ಅರಿಯನು, ಧರ್ಮವನ್ನೂ ಅರಿಯನು.

ಇಷ್ಟೆಲ್ಲ ಹೇಳಿದ ಮೇಲೆ ಮೂಲ ಚಿತ್ರಕಾರನನ್ನು ನಿರ್ದೋಷಿಯೆಂದು ಬಿಟ್ಟುಬಿಡುವುದು ಸಲ್ಲದು. ಚಿತ್ರೋದ್ಯಮಿಗಳು ಪ್ರವೇಶಿಸಿದ ಬಾಗಿಲನ್ನು ತೆರೆದಿಟ್ಟವನು ಇಕೆದಾನೇ. ಮೊದಲ ಸಂಪುಟಗಳಲ್ಲಿ ಬಾಲಿಕೆಯರ ದೇಹವನ್ನು ಹಾಸ್ಯದ ಸರಕನ್ನಾಗಿ ಅವನೂ ಬಳಸಿದ್ದಾನೆ. ಪ್ರಮಾಣದಲ್ಲಿ ಕಡಿಮೆಯಾದ ಮಾತ್ರಕ್ಕೆ ಜಾತಿ ಬೇರೆಯಾಗದು. ಇದಲ್ಲದೆ ಈ ಬಗೆಯ ಕಥೆಗಳಿಗೆ ಜಪಾನಿನಲ್ಲಿಯೇ ‘ಹ್ಯಾರೆಮ್’ ಎಂಬ ಹೆಸರು ಬಿದ್ದಿದೆ; ಕನ್ನಡದಲ್ಲಿ ಅಂತಃಪುರದ ಕಥೆಯೆನ್ನಬಹುದು. ಒಬ್ಬ ಬಾಲಕ, ಅವನನ್ನು ಬಯಸುವ ಐದಾರು ಬಾಲಿಕೆಯರು, ಯಾರನ್ನೂ ಆರಿಸದೆ ಯಾರನ್ನೂ ನೋಯಿಸದಂತೆ ನಟಿಸುವ ಅವನ ‘ಒಳ್ಳೆಯತನ’. ತ್ಸುಕುನೆಯ ಮನಸ್ಸು ಮೋಕಾಳಲ್ಲಿದೆಯೆಂದು ಓದುಗನಿಗೆ ಮೊದಲ ಅಧ್ಯಾಯದಲ್ಲಿಯೇ ತಿಳಿದಿದೆ. ಕುರುಮುವಿಗೂ ಹಿಮಕನ್ಯೆ ಮಿಜೋರೆಗೂ ಅದನ್ನು ಸ್ಪಷ್ಟವಾಗಿ ಹೇಳುವ ಧೈರ್ಯ ಮಾತ್ರ ಅವನಿಗೆ ಸಂಪುಟಗಟ್ಟಲೆ ಬರುವುದಿಲ್ಲ. ಶತ್ರುವಿನ ಪ್ರಾಣಕ್ಕಾಗಿ ಪಿಶಾಚಿಯ ಮುಂದೆ ನಿಂತವನು, ಸ್ನೇಹಿತೆಯ ಮುಂದೆ ಒಂದು ಸತ್ಯವಾಕ್ಯವನ್ನು ನುಡಿಯಲಾರನು! ಆ ಮೌನವನ್ನು ಕಥೆಯು ದಯೆಯೆಂದು ಹೆಸರಿಸುತ್ತದೆ. ಅದು ದಯೆಯಲ್ಲ, ಕಥೆ ಮುಂದುವರಿಯಲೆಂದು ಮಾಡಿದ ಏರ್ಪಾಡು. ಅಷ್ಟು ಮಂದಿ ಬಾಲಿಕೆಯರ ಆಸೆಯನ್ನು ಪತ್ರಿಕೆಯ ತಿಂಗಳ ಸಂಚಿಕೆಗಾಗಿ ಒತ್ತೆಯಿಟ್ಟುಕೊಂಡದ್ದು.

ಮಿಜೋರೆಯ ವಿಷಯದಲ್ಲಿ ಇದು ಹೆಚ್ಚು ನೋಯಿಸುತ್ತದೆ. ಹಿಮದ ಹೆಣ್ಣು ಜಪಾನಿನ ಹಳೆಯ ಕಲ್ಪನೆ. ತೋರಿಯಾಮಾ ಸೆಕಿಎನ್ ಎಂಬ ಚಿತ್ರಕಾರನು ೧೭೭೬ರ ತನ್ನ ಭೂತಚಿತ್ರಗಳ ಗ್ರಂಥದಲ್ಲಿ ಆಕೆಯನ್ನು ಬರೆದಿದ್ದಾನೆ. ಲಾಫ್ಕಾಡಿಯೊ ಹರ್ನ್ ೧೯೦೪ರಲ್ಲಿ ಆಕೆಯ ಕಥೆಯನ್ನು ಇಂಗ್ಲಿಷಿಗೆ ತಂದನು. ಆ ಕಥೆಯಲ್ಲಿ ಹಿಮದ ಹೆಣ್ಣು ಒಬ್ಬ ಯುವಕನನ್ನು ಕೊಲ್ಲದೆ ಬಿಟ್ಟು, ಮುಂದೆ ಅವನ ಹೆಂಡತಿಯಾಗಿ ಬಾಳಿ, ಅವನು ಕೊಟ್ಟ ಮಾತನ್ನು ಮುರಿದಾಗಲೂ ಮಕ್ಕಳಿಗಾಗಿ ಅವನನ್ನು ಮತ್ತೆ ಉಳಿಸಿ ಮರೆಯಾಗುತ್ತಾಳೆ. ಎರಡು ಬಾರಿ ಕೊಲ್ಲಬಹುದಾಗಿತ್ತು, ಎರಡು ಬಾರಿಯೂ ಕೈ ಹಿಂತೆಗೆದಳು. ಅಂತಹ ಘನತೆಯ ಪಾತ್ರವು ಶಾಲೆಯ ಮೊಗಸಾಲೆಯಲ್ಲಿ ಕಂಬದ ಮರೆಯಿಂದ ಒಬ್ಬ ಬಾಲಕನನ್ನು ಇಣುಕಿ ನೋಡುವವಳಾಗಿ ಕಿರಿದಾಯಿತು.

ಎರಡನೆಯ ಭಾಗದ ಯುದ್ಧಗಳ ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಎದುರಾಳಿಗಳು ದೊಡ್ಡವರಾಗುತ್ತ ಹೋದಂತೆ ಕರುಣೆಗೆ ಎಡೆಯು ಕಿರಿದಾಗುತ್ತ ಹೋಗುವುದು ಇಂತಹ ಎಲ್ಲ ಕಥೆಗಳ ರೋಗ. ಇದಕ್ಕೂ ಅದು ತಗಲಿತು. ಆದರೂ ತಾಯಿ ಅಕಾಶಾಳ ಕಥೆಯು ಆ ಗದ್ದಲದೊಳಗಿಂದ ತಲೆಯೆತ್ತಿ ನಿಲ್ಲುತ್ತದೆ. ಮನುಷ್ಯಲೋಕವನ್ನು ನಾಶಮಾಡಹೊರಟ ಅಲುಕಾರ್ಡ್ ಎಂಬ ರಕ್ತಪಿಶಾಚಿಯನ್ನು, ಇನ್ನೂರು ವರ್ಷಗಳ ಹಿಂದೆ ತಡೆದು ನಿದ್ರೆಗೆ ಕೆಡವಿದ ಮೂವರಲ್ಲಿ ಆಕೆ ಒಬ್ಬಳು. ತನ್ನ ಕುಲದವನ ವಿರುದ್ಧ, ತನ್ನ ಕುಲವನ್ನು ದ್ವೇಷಿಸುವ ಮನುಷ್ಯರ ಪರವಾಗಿ ನಿಂತವಳು. ಶಾಲೆಯ ಹುಟ್ಟಿಗೂ ಮಾಲೆಯ ಹುಟ್ಟಿಗೂ ಮೂಲ ಆಕೆಯ ಆ ನಿಲುವು.

ಚಲಚ್ಚಿತ್ರದ ಎರಡನೆಯ ಸರಣಿಯು ೨೦೦೮ರ ಡಿಸೆಂಬರಿನಲ್ಲಿ ಮುಗಿಯಿತು. ಇಕೆದಾನ ಕಥೆಯು ಆ ಬಳಿಕ ಐದು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಮೂರನೆಯ ಸರಣಿ ಬರಲಿಲ್ಲ. ಇಪ್ಪತ್ತಾರು ಕಂತುಗಳನ್ನು ನೋಡಿ ಮುಗಿಸಿದ ಬಾಲಕನಿಗೆ ಮಾಲೆಯನ್ನು ಕಳಚಿದರೆ ಎಷ್ಟು ಸೆಕೆಂಡಿನಲ್ಲಿ ಶತ್ರು ಬೀಳುತ್ತಾನೆಂಬುದು ಗೊತ್ತು. ಆ ಮಾಲೆಯನ್ನು ಆಕೆಯ ಕೊರಳಿಗೆ ಹಾಕಿದವರು ಯಾರು, ಏಕೆ ಹಾಕಿದರು ಎಂಬುದನ್ನು ಅವನಿಗೆ ಯಾರೂ ಹೇಳಿಲ್ಲ.